ಚಪ್ಪಾಳೆ ಬಿದ್ದ ಮೇಲೆ

ತಂಗಿ ಹುಟ್ಟಿದ ದಿನದಿಂದ ಆ ಮನೆಯಲ್ಲಿ ದೊಡ್ಡ ಮಗಳನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ತಂಗಿಗೆ ಅಕ್ಕ ಆದಮೇಲೆ ಅಪ್ಪನಿಗೂ ಅಕ್ಕ, ಅಮ್ಮನಿಗೂ ಅಕ್ಕ, ಕೊನೆಗೆ ಬೀದಿ ಮೂಲೆಯ ಔಷಧಿ ಅಂಗಡಿಯವನಿಗೂ ಅಕ್ಕ. ತಂಗಿಗೆ ಮಾತ್ರ ಅಡ್ಡಹೆಸರಿತ್ತು. ಕೂಸಾಗಿದ್ದಾಗ ಹಗಲಿಡೀ ಒಂದೇ ಶ್ರುತಿಯಲ್ಲಿ ಅಳುತ್ತಿದ್ದ ಅವಳಿಗೆ ಅಜ್ಜಿ ಪಿಟೀಲು ಎಂದು ಹೆಸರಿಟ್ಟಿದ್ದಳು. ಈಗ ಡಿಗ್ರಿಯ ಕೊನೆಯ ವರ್ಷಕ್ಕೆ ಬಂದಿದ್ದರೂ ಪಿಟೀಲು ಪಿಟೀಲೇ. ಒಮ್ಮೆ ಕಮಾನು ಎಳೆದರೆ ನಿಲ್ಲಿಸುವವರಿಲ್ಲ.

ಅಜ್ಜಿ ಹಾಸಿಗೆ ಹಿಡಿದು ನಾಲ್ಕನೇ ವರ್ಷ ನಡೆಯುತ್ತಿತ್ತು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಬಾಯಿತುಂಬ ನೀರಿಟ್ಟುಕೊಂಡು ಆಡಿದಂತೆ ಕಲಸಿಹೋಗಿತ್ತು. ಅದು ಅರ್ಥವಾಗುತ್ತಿದ್ದುದು ಅಕ್ಕನೊಬ್ಬಳಿಗೆ. ಆಸ್ಪತ್ರೆಯಿಂದ ಮನೆಗೆ ತಂದ ದಿನ ಅಪ್ಪ, "ಎರಡು ತಿಂಗಳ ಮಟ್ಟಿಗೆ ಕಾಲೇಜಿಗೆ ರಜಾ ಹಾಕಮ್ಮ, ಆಮೇಲೆ ಏನಾದ್ರೂ ವ್ಯವಸ್ಥೆ ಮಾಡೋಣ" ಅಂದಿದ್ದ. ಅಪ್ಪ ಸಿಟಿ ಬಸ್ಸಿನ ಡ್ರೈವರು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಪಿಟೀಲು ಇನ್ನೂ ಚಿಕ್ಕವಳು. ವ್ಯವಸ್ಥೆ ಎಂದರೆ ಅಕ್ಕನೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದ ಪ್ರಮೇಯವೂ ಬರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಪಿಟೀಲು ಸುದ್ದಿ ತಂದಳು.

"ನನ್ನ ಸಂಶೋಧನೆಗೆ ವಿಷಯ ಸಿಕ್ತು. ಹಾಸಿಗೆ ಹಿಡಿದವರನ್ನ ಮನೇಲಿ ಯಾರು ನೋಡ್ಕೋತಾರೆ, ಅದರಿಂದ ಅವರಿಗೆ ಏನಾಗತ್ತೆ ಅಂತ. ನಮ್ಮ ಮೇಡಂ ಒಪ್ಪಿದ್ರು. ಚೆನ್ನಾಗಿ ಬಂದ್ರೆ ಶಾಸನಸಭೆಗೆ ಕಳಿಸ್ತಾರೆ. ವರ್ಷಕ್ಕೊಂದು ದಿನ ಡಿಗ್ರಿ ಹುಡುಗರು ಶಾಸಕರ ಮುಂದೆ ತಮ್ಮ ಸಂಶೋಧನೆ ಹೇಳ್ತಾರಲ್ಲ, ಅಲ್ಲಿಗೆ. ಜನಾನೂ ಬಂದು ಕೇಳಬಹುದು."

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇದಕ್ಕೊಂದು ಸಂಶೋಧನೆ ಬೇರೆ ಕೇಡು. ಯಾರು ನೋಡ್ಕೋತಾರೆ? ಮನೆಯೋರು ನೋಡ್ಕೋತಾರೆ."

"ಮನೆಯೋರು ಅಂದ್ರೆ ಯಾರಪ್ಪ?"

"ಮನೆಯೋರು ಅಂದ್ರೆ ಮನೆಯೋರು."

"ನೀನಾ?"

"ಪಿಟೀಲು, ಊಟ ಮಾಡು," ಅಂದಳು ಅಮ್ಮ.

ಅಕ್ಕ ಆ ಹೊತ್ತಿಗೆ ಒಳಗೆ ಅಜ್ಜಿಗೆ ಗಂಜಿ ಕುಡಿಸುತ್ತಿದ್ದಳು. ಅವಳ ಊಟ ಯಾವಾಗಲೂ ಎರಡನೇ ಪಂಕ್ತಿ. ಒಲೆಯ ಪಕ್ಕದಲ್ಲಿ ನಿಂತು, ಪಾತ್ರೆಯಲ್ಲಿ ಉಳಿದದ್ದು.

ಮುಂದಿನ ವಾರಗಳಲ್ಲಿ ಮನೆಯ ಒಂದೇ ಮೇಜು ಪಿಟೀಲಿನ ಕಾಗದಗಳಿಗೆ ಒತ್ತೆಬಿತ್ತು. ಅಪ್ಪ ತಟ್ಟೆಯನ್ನು ಮಂಚದ ಮೇಲಿಟ್ಟುಕೊಂಡು ಗೊಣಗಿದ. ಅಮ್ಮ ಲಾಂಡ್ರಿಯಿಂದ ಬಂದು ಬಟ್ಟೆ ಮಡಿಸಲು ಜಾಗವಿಲ್ಲದೆ ಮಗಳ ಕಾಗದಗಳ ಮೇಲೇ ಮಡಿಸಿದಳು. ಪಿಟೀಲು ಸಂಜೆಯಾದರೆ ಮನೆಮನೆ ಸುತ್ತಿ ಬಾಗಿಲು ತಟ್ಟುತ್ತಿದ್ದಳು. ಹಾಗೆ ಹೊರಡುವ ಮುಂಚೆ ತನ್ನ ಪ್ರಶ್ನೆಗಳನ್ನು ಅಕ್ಕನ ಮೇಲೆ ಪ್ರಯೋಗ ಮಾಡಿದಳು. ಅಕ್ಕ ಹಿತ್ತಲ ಕಲ್ಲಿನ ಮೇಲೆ ಅಜ್ಜಿಯ ಹಾಸು ಒಗೆಯುತ್ತಿದ್ದಳು.

"ರಾತ್ರಿ ಎಷ್ಟು ಸಲ ಏಳ್ತೀಯ?"

"ಅಜ್ಜಿ ಎಷ್ಟು ಸಲ ಕರೀತಾಳೋ ಅಷ್ಟು."

"ಬೆನ್ನು ನೋವು ಇದೆಯಾ?"

"ಬೆನ್ನು ಇದ್ಮೇಲೆ ನೋವು ಇಲ್ದೆ ಇರತ್ತಾ?"

"ತಮಾಷೆ ಮಾಡಬೇಡ್ವೇ, ಬರ್ಕೋಬೇಕು ನಾನು. ಸರಿ, ಕೊನೇ ಸಲ ನಿನಗೋಸ್ಕರ ಅಂತ ಮನೆಯಿಂದ ಆಚೆ ಹೋಗಿದ್ದು ಯಾವಾಗ?"

"ನಿನ್ನೆ. ಔಷಧಿ ಅಂಗಡಿಗೆ."

"ಅದು ಅಜ್ಜಿಗೆ."

"ಮೊನ್ನೆ ತರಕಾರಿಗೆ."

"ಅದು ಎಲ್ಲರಿಗೂ. ನಿನಗೆ ಅಂತ?"

ಅಕ್ಕ ಹಾಸನ್ನು ಹಿಂಡುತ್ತಿದ್ದವಳು ಹಿಂಡುತ್ತಲೇ ಇದ್ದಳು. ನೀರು ಬೀಳುವುದು ನಿಂತಮೇಲೂ ಹಿಂಡಿದಳು. "ಈ ಪ್ರಶ್ನೆ ತೆಗೆದುಹಾಕು. ಬೇರೆ ಮನೇಲಿ ಕೇಳಬೇಡ."

"ಯಾಕೆ, ತಪ್ಪಾ?"

"ತಪ್ಪಲ್ಲ. ಇದಕ್ಕೆ ಉತ್ತರ ಹುಡುಕ್ತಾ ಕೂತ್ರೆ ಆಮೇಲೆ ಕೈಗೆ ಕೆಲಸ ಹತ್ತಲ್ಲ."

ಪಿಟೀಲು ತೆಗೆದುಹಾಕಲಿಲ್ಲ. ಒಳಗಿನಿಂದ ಅಜ್ಜಿಯ ದನಿ ಬಂತು. ಅಕ್ಕ ಕಿವಿಗೊಟ್ಟು ಕೇಳಿ ನಕ್ಕಳು. "ಇಷ್ಟು ಜನರನ್ನ ಕೇಳ್ತೀಯಲ್ಲ, ನನ್ನ ಯಾಕೆ ಕೇಳಲ್ಲ ಅಂತಾಳೆ."

"ಇದು ನೋಡಿಕೊಳ್ಳೋರ ಬಗ್ಗೆ ಅಜ್ಜಿ, ಮಲಗಿರೋರ ಬಗ್ಗೆ ಅಲ್ಲ," ಎಂದು ಪಿಟೀಲು ಕೂಗಿ ಹೇಳಿದಳು. ಅಜ್ಜಿ ಮೂಗಿನಲ್ಲಿ ಒಂದು ಸದ್ದು ಮಾಡಿದಳು. ಅದನ್ನು ಯಾರೂ ಅರ್ಥ ಮಾಡಿಸಬೇಕಾಗಿರಲಿಲ್ಲ.

ಮಳೆ ಕಳೆದು ಚಳಿ ಶುರುವಾಗುವ ಹೊತ್ತಿಗೆ ಪಿಟೀಲಿನ ಸಂಶೋಧನೆ ಆಯ್ಕೆಯಾಯಿತು. ಕಾರಿಡಾರಿನಲ್ಲಿ ಪೋಸ್ಟರು ನಿಲ್ಲಿಸುವುದಷ್ಟೇ ಅಲ್ಲ, ಸಭಾಂಗಣದಲ್ಲಿ ಮಾತಾಡುವ ಕೆಲವೇ ಮಂದಿಯಲ್ಲಿ ಅವಳೂ ಒಬ್ಬಳು. ಅಲ್ಲಿಯವರೆಗೆ ಕೇಡು ಅಂದಿದ್ದ ಅಪ್ಪ ಮಾರನೇ ದಿನ ಡಿಪೋದಲ್ಲಿ ಒಬ್ಬರನ್ನೂ ಬಿಡದೆ ಹೇಳಿಕೊಂಡು ಬಂದ. ರಜಾ ಹಾಕಿದ. ಅಮ್ಮನೂ ರಜಾ ಕೇಳಿದಳು.

"ಅಕ್ಕ ಬರಬೇಕು," ಅಂದಳು ಪಿಟೀಲು.

"ಅಕ್ಕ ಬಂದ್ರೆ ಅಜ್ಜೀನ ಯಾರು ನೋಡ್ಕೋತಾರೆ?" ಎಂದ ಅಪ್ಪ.

"ಸುತ್ತಿದ ಮನೇಲೆಲ್ಲಾ ನಾನು ಇದನ್ನೇ ಕೇಳಿಬಂದೆ. ಎಲ್ಲಾ ಕಡೆ ಇದೇ ಉತ್ತರ."

"ಉತ್ತರ ನಾನೆಲ್ಲಿ ಕೊಟ್ಟೆ? ನಾನು ಕೇಳಿದ್ದು ಪ್ರಶ್ನೆ."

"ನಿನ್ನ ಪ್ರಶ್ನೇನೇ ಉತ್ತರ ಅಪ್ಪ!"

"ನೋಡು, ಸಭೇಲಿ ಮಾತಾಡೋಕೆ ಕರೆದಿದಾರೆ ಅಂತ ಮನೇಲೂ ಭಾಷಣ ಬೇಡ."

"ಇಬ್ರೂ ಸುಮ್ನಿರಿ," ಎಂದಳು ಅಕ್ಕ ಬಾಗಿಲಲ್ಲಿ ನಿಂತು. "ಅಜ್ಜಿ ಕಿವಿಗೆ ಏನೂ ಆಗಿಲ್ಲ."

ಕೊನೆಗೆ ಅಪ್ಪನ ತಂಗಿಗೆ ಫೋನು ಹೋಯಿತು. ಊರಿನ ಇನ್ನೊಂದು ತುದಿಯಲ್ಲಿದ್ದ ಅತ್ತೆ, "ಬರದೆ ಇರ್ತೀನಾ? ನನ್ನ ಹೆತ್ತಮ್ಮ ಅಲ್ವಾ?" ಎಂದಳು. ಆ ದಿನ ಬೆಳಿಗ್ಗೆ ಎಲ್ಲರೂ ಸಿದ್ಧವಾಗಿ ಚಪ್ಪಲಿ ಮೆಟ್ಟುವಾಗ ಅವಳದೇ ಫೋನು. ಮೊಣಕಾಲು ಹಿಡಿದುಬಿಟ್ಟಿದೆ, ಮೆಟ್ಟಿಲು ಇಳಿಯಲಾಗುತ್ತಿಲ್ಲ.

ಅಕ್ಕ ಚಪ್ಪಲಿ ಬಿಟ್ಟಳು. ಅಷ್ಟರಲ್ಲಿ ಅಮ್ಮ ಒಳಗೆ ಹೋಗಿ ಹಳೇ ಬಟ್ಟೆ ಉಟ್ಟುಕೊಂಡು ಬಂದಿದ್ದಳು.

"ನೀನು ಹೋಗು. ಆ ಸಭೆಯೋರ ಕೋಟುಗಳು ವಾರವಾರ ನನ್ನ ಇಸ್ತ್ರಿ ಪೆಟ್ಟಿಗೆ ಕೆಳಗೆ ಬರ್ತವೆ. ಅವರನ್ನ ನೋಡಿ ನನಗೇನಾಗಬೇಕು?"

"ಅಮ್ಮ, ಅಜ್ಜೀನ ಎತ್ತೋದು ನಿನಗೆ..."

"ಹೋಗು ಅಂದ್ನಲ್ಲ. ನನ್ನ ಮನಸ್ಸು ಬದಲಾಗೋಕೆ ಮುಂಚೆ ಹೋಗು."

ಶಾಸನಸಭೆಯ ಕಾರಿಡಾರು ರೈಲ್ವೆ ನಿಲ್ದಾಣದಷ್ಟು ಉದ್ದವಿತ್ತು. ಎರಡೂ ಬದಿಗೆ ಹಲಗೆಗಳ ಮೇಲೆ ಪೋಸ್ಟರುಗಳು, ಪಕ್ಕದಲ್ಲಿ ಹೊಸ ಅಂಗಡಿ ತೆರೆದವರಂತೆ ಕೈ ಕಟ್ಟಿ ನಿಂತ ಹುಡುಗ ಹುಡುಗಿಯರು. ಒಬ್ಬ ಕೊಳಾಯಿ ನೀರಿನ ಬಗ್ಗೆ, ಒಬ್ಬಳು ಬೀದಿನಾಯಿಗಳ ಬಗ್ಗೆ, ಇನ್ನೊಬ್ಬ ಶಾಲೆಯ ಮುಂದಿನ ರಸ್ತೆಯ ಧೂಳಿನ ಬಗ್ಗೆ. ಚಹಾದ ಲೋಟ ಹಿಡಿದ ದೊಡ್ಡವರು ಬಂದು ನಿಂತರೆ ಹುಡುಗರು ಒಂದೇ ಉಸಿರಿಗೆ ಹೇಳಲು ಶುರುಮಾಡುತ್ತಿದ್ದರು. ದೊಡ್ಡವರು ತಲೆಯಾಡಿಸಿ, ಫೋಟೋ ಹೊಡೆಸಿಕೊಂಡು, ಮುಂದೆ ಹೋಗುತ್ತಿದ್ದರು. ಪಿಟೀಲಿನ ಪೋಸ್ಟರಿನ ಅಂಕಿಅಂಶದ ನಕ್ಷೆಯಲ್ಲಿ ಒಂದು ಕೆಂಪು ಕಂಬ ಉಳಿದವುಗಳ ತಲೆ ಮೇಲೆ ಎದ್ದು ನಿಂತಿತ್ತು. ಅಪ್ಪ ಹತ್ತಿರ ಹೋಗಿ ಗಟ್ಟಿಯಾಗಿ ಓದಿದ. "ಹೆಣ್ಣುಮಕ್ಕಳು, ಸೊಸೆಯಂದಿರು, ಹೆಂಡತಿಯರು." ಅದರ ಪಕ್ಕದ ಗಿಡ್ಡ ಕಂಬದಲ್ಲಿ 'ಗಂಡುಮಕ್ಕಳು' ಎಂದಿತ್ತು. ಅದನ್ನು ಅವನು ಮನಸ್ಸಿನಲ್ಲೇ ಓದಿಕೊಂಡ.

ಸಭಾಂಗಣದಲ್ಲಿ ಮುಂದಿನ ಸಾಲು ಶಾಸಕರದು. ಹಿಂದೆ ಜನ. ಅಕ್ಕ ಅಪ್ಪನ ಪಕ್ಕ ಕೂತಳು. ಅಷ್ಟು ಮೆತ್ತನೆಯ ಕುರ್ಚಿಯಲ್ಲಿ ಕೂತೇ ಎಷ್ಟೋ ಕಾಲವಾಗಿತ್ತು. ನಿದ್ದೆ ಒತ್ತರಿಸಿಕೊಂಡು ಬಂತು. ಉಗುರಿನಿಂದ ಅಂಗೈ ಚುಚ್ಚಿಕೊಂಡು ಎಚ್ಚರವಾಗಿದ್ದಳು.

ಪಿಟೀಲು ವೇದಿಕೆ ಹತ್ತಿದಳು. ತಾನು ಹೋದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಓದನ್ನೋ ಕೆಲಸವನ್ನೋ ಬಿಟ್ಟಿದ್ದಾರೆ ಎಂದಳು. ಒಂದು ಇಡೀ ದಿನ ಬಿಡುವು ಸಿಕ್ಕಿದ್ದು ಯಾವಾಗ ಎಂದು ಕೇಳಿದರೆ ಕೆಲವರು ನಗುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ ಎಂದಳು. "ಪ್ರತಿಯೊಂದು ಬಡಾವಣೆಯಲ್ಲೂ ಹಿರಿಯರನ್ನ ಹಗಲು ಹೊತ್ತು ಬಿಟ್ಟುಹೋಗಬಹುದಾದ ಒಂದು ಮನೆ ಬೇಕು. ಅಲ್ಲಿ ತರಬೇತಿ ಆದ, ಸಂಬಳ ಪಡೆಯೋ ಜನ ಇರಬೇಕು. ನಾವು ಕೇಳ್ತಿರೋದು ಇಷ್ಟೇ."

ಮುಂದಿನ ಸಾಲಿನ ಹಿರಿಯ ಶಾಸಕರೊಬ್ಬರು ಮೈಕು ತೆಗೆದುಕೊಂಡರು. ಬೆಳ್ಳಗಿನ ತಲೆ, ಮೆತ್ತಗಿನ ಮಾತು, ಯಾರ ಮನೆಯ ಅಜ್ಜನಾದರೂ ಆಗಬಹುದಾದ ಮುಖ.

"ಮಗೂ, ಬಹಳ ಚೆನ್ನಾಗಿ ಹೇಳಿದೆ. ನಿನ್ನ ಮನೇಲಿ ಯಾರಾದ್ರೂ ಹೀಗೆ ಇದಾರಾ?"

"ಇದಾರೆ ಸರ್. ನಮ್ಮ ಅಜ್ಜಿ."

"ಯಾರು ನೋಡ್ಕೋತಾರೆ?"

ಅಂಕಿ ಅಂಶದ ಬಗ್ಗೆ ಏನು ಕೇಳಿದರೂ ಉತ್ತರ ಕೊಡಲು ಪಿಟೀಲು ಸಿದ್ಧವಾಗಿ ಬಂದಿದ್ದಳು. ಇದಕ್ಕೆ ಆಗಿರಲಿಲ್ಲ. ಒಮ್ಮೆ ಮೇಡಂ ಕಡೆ, ಒಮ್ಮೆ ಹಿಂದಿನ ಸಾಲಿನ ಕಡೆ ನೋಡಿದಳು.

"ನಮ್ಮ ಅಕ್ಕ. ಕಾಲೇಜು ಬಿಟ್ಟು ನೋಡ್ಕೋತಿದಾಳೆ. ಅಲ್ಲೇ ಕೂತಿದಾಳೆ ಸರ್."

"ಎಲ್ಲಿ? ಎದ್ದು ನಿಲ್ಲಮ್ಮ."

ಅಕ್ಕ ಎದ್ದಳು. ತಲೆಗಳೆಲ್ಲ ತಿರುಗಿದವು. ಹಿರಿಯರು ಮೈಕು ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದರು. ಇಡೀ ಸಭಾಂಗಣ ತಟ್ಟಿತು. ಪಕ್ಕದಲ್ಲಿ ಅಪ್ಪನೂ ತಟ್ಟುತ್ತಿದ್ದ. ಅವನ ಕಣ್ಣು ತೇವವಾಗಿತ್ತು.

"ನೋಡಿ ಇಲ್ಲಿ," ಎಂದರು ಹಿರಿಯರು. "ಮನೆಮನೇಲಿ ಇಂಥ ಹೆಣ್ಣುಮಕ್ಕಳಿರೋವಾಗ, ಹೆತ್ತವರನ್ನ ಯಾವುದೋ ಕಟ್ಟಡದಲ್ಲಿ ಬಿಟ್ಟುಬರೋ ಗತಿ ನಮಗ್ಯಾಕೆ ಬರಬೇಕು? ನಾವು ಕೊಡಬೇಕಾದ್ದು ಕಟ್ಟಡ ಅಲ್ಲ, ಗೌರವ!"

ಮತ್ತೆ ಚಪ್ಪಾಳೆ. ಈ ಸಲ ಇನ್ನೂ ಜೋರು.

"ಸರ್, ನಾನು ಹೇಳಿದ್ದು ಅದಲ್ಲ," ಎಂದಳು ಪಿಟೀಲು. ಸಮಯ ಮುಗಿದ ಗಂಟೆ ಹೊಡೆಯಿತು. ಕೊಳಾಯಿ ನೀರಿನ ಹುಡುಗ ಆಗಲೇ ಮೆಟ್ಟಿಲು ಹತ್ತುತ್ತಿದ್ದ. ಎದ್ದು ನಿಲ್ಲು ಅಂದವರು ಅಕ್ಕನಿಗೆ ಕೂತುಕೋ ಎನ್ನಲಿಲ್ಲ. ಆ ಹುಡುಗ ಮಾತು ಶುರುಮಾಡಿದ ಮೇಲೂ ಅವಳು ನಿಂತೇ ಇದ್ದಳು. ಅಪ್ಪ ಕೈ ಹಿಡಿದು ಎಳೆದು ಕೂರಿಸಿದ.

ವಾಪಸು ಬರುವಾಗ ಅಪ್ಪ ಬಸ್ಸಿನ ಕಂಡಕ್ಟರಿಗೆ ಎಲ್ಲ ವರದಿ ಒಪ್ಪಿಸಿದ. ಪಿಟೀಲು ಕಿಟಕಿಗೆ ಹಣೆ ಆನಿಸಿ ಕೂತಿದ್ದಳು.

"ನಾನೇ ಹಾಳು ಮಾಡಿದೆ," ಎಂದಳು ಇಳಿಯುವ ಮುಂಚೆ.

"ಸುಳ್ಳು ಹೇಳೋಕಾಗ್ತಿತ್ತಾ?" ಎಂದಳು ಅಕ್ಕ.

ಮನೆಯಲ್ಲಿ ಅಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಅಜ್ಜಿಯನ್ನು ಒಬ್ಬಳೇ ಎತ್ತಲು ಹೋಗಿ ಸೊಂಟ ಹಿಡಿದಿತ್ತು. ಹಾಸು ಒದ್ದೆಯಾಗಿತ್ತು. "ದಿನಾ ಹ್ಯಾಗೆ ಮಾಡ್ತೀಯೇ ಇದನ್ನ?" ಅಂದಳು. ಅಕ್ಕ ಒಳ್ಳೇ ಬಟ್ಟೆಯನ್ನು ಬದಲಿಸಲೂ ನಿಲ್ಲದೆ ಹಾಸು ತೆಗೆಯಲು ಹೋದಳು.

ವಾರ ಕಳೆದು ಆ ಶಾಸಕರು ಮನೆಗೇ ಬಂದರು. ಹಿಂದೆ ಒಬ್ಬ ಫೋಟೋದವನು, ಒಬ್ಬ ಪತ್ರಿಕೆಯವಳು, ಹೂಗುಚ್ಛ ಹಿಡಿದ ಇನ್ನಿಬ್ಬರು. ಚೌಕಟ್ಟು ಹಾಕಿಸಿದ ಪ್ರಶಸ್ತಿಪತ್ರದಲ್ಲಿ 'ಆದರ್ಶ ಮೊಮ್ಮಗಳು' ಎಂದು ಬಂಗಾರದ ಅಕ್ಷರ. ಆ ಪುಟ್ಟ ಕೋಣೆಯಲ್ಲಿ ಅಷ್ಟು ಜನ ನಿಂತರೆ ಮಂಚವೇ ಕಾಣಲಿಲ್ಲ.

"ಅಜ್ಜಿಗೆ ಊಟ ಮಾಡಿಸ್ತಿರೋ ಹಾಗೆ ಒಂದು ಫೋಟೋ," ಎಂದ ಫೋಟೋದವನು.

"ಈಗತಾನೇ ಊಟ ಆಯ್ತು," ಎಂದಳು ಅಕ್ಕ.

"ಖಾಲಿ ಚಮಚ ಆದ್ರೂ ನಡಿಯತ್ತೆ."

ಅಕ್ಕ ಖಾಲಿ ಚಮಚವನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು. ಬೆಳಕು ಮಿಂಚಿತು. ಅಜ್ಜಿ ಎಡಗೈಯಿಂದ ಚಮಚವನ್ನು ಸರಿಸಿ, ಶಾಸಕರ ಮುಖವನ್ನೇ ನೋಡುತ್ತ, ಬಾಯಿಯ ಒಂದು ಬದಿಯಿಂದ ಏನೋ ಅಂದಳು. ಮತ್ತೊಮ್ಮೆ ಅಂದಳು.

"ಏನಂತಾರೆ ಅಜ್ಜಿ?" ಶಾಸಕರು ಬಗ್ಗಿ ಕೇಳಿದರು.

ಇವಳನ್ನ ಬಿಡಿಸಿ. ಅಜ್ಜಿ ಅಂದದ್ದು ಅಷ್ಟೇ. ಅಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಪತ್ರಿಕೆಯವಳು ಪೆನ್ನು ಎತ್ತಿದ್ದಳು. ಅಪ್ಪ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತಿದ್ದ.

"ನಿಮಗೆ ಒಳ್ಳೇದಾಗಲಿ ಅಂತಿದಾಳೆ," ಎಂದಳು ಅಕ್ಕ.

ಶಾಸಕರು ಕೈ ಮುಗಿದರು. ಅಜ್ಜಿ ಮೊಮ್ಮಗಳನ್ನು ಒಂದು ಗಳಿಗೆ ದಿಟ್ಟಿಸಿ, ಮುಖವನ್ನು ಗೋಡೆಗೆ ತಿರುಗಿಸಿದಳು.

ಬಂದವರ ಚಹಾ ಲೋಟಗಳನ್ನು ಅಕ್ಕ ತೊಳೆಯುತ್ತಿದ್ದಾಗ ಪಿಟೀಲು ಅಡುಗೆಮನೆಗೆ ನುಗ್ಗಿದಳು.

"ಅಜ್ಜಿ ಅದನ್ನ ಹೇಳಲಿಲ್ಲ."

"ನಿನಗೆ ಅಜ್ಜಿ ಮಾತು ಯಾವಾಗಿಂದ ಅರ್ಥ ಆಗೋಕೆ ಶುರುವಾಯ್ತು?"

"ಬಿಡಿಸಿ ಅಂದಿದ್ದು ನನಗೂ ಕೇಳಿಸ್ತು. ನಾನು ವರ್ಷವಿಡೀ ಒದ್ದಾಡಿ ಹೇಳಿದ್ದನ್ನ ಅಜ್ಜಿ ಒಂದೇ ಮಾತಲ್ಲಿ ಹೇಳಿದ್ಲು. ಕೇಳಿಸ್ಕೋಬೇಕಾದವರು ಎದುರಿಗೇ ನಿಂತಿದ್ರು. ನೀನು ನುಂಗಿಬಿಟ್ಟೆ!"

"ಹೇಳಿದ್ರೆ ನಾಳೆ ಪೇಪರಲ್ಲಿ ಏನು ಬರ್ತಿತ್ತು? ಮೊಮ್ಮಗಳ ಕೈಯಿಂದ ಬಿಡಿಸಿ ಅಂತ ಮುದುಕಿ ಅಂಗಲಾಚಿದ್ಲು ಅಂತ. ನಾನು ಹೊಡೀತೀನಿ ಅನ್ಕೋತಿದ್ರು."

"ಬಿಡಿಸಿ ಹೇಳಬಹುದಿತ್ತು."

"ನೀನು ಹೇಳಬಹುದಿತ್ತು! ಸಭೇಲಿ ಅಷ್ಟು ಜನರ ಎದುರು ನನ್ನ ಕಡೆ ಕೈ ತೋರಿಸಿದ್ಯಲ್ಲ, ಮುಂಚೆ ನನ್ನ ಒಂದು ಮಾತು ಕೇಳಿದ್ಯಾ?"

ಪಿಟೀಲು ತೊಳೆದ ಲೋಟಗಳನ್ನು ಒರೆಸತೊಡಗಿದಳು. ಆ ಮನೆಯಲ್ಲಿ ಅದು ಅಪರೂಪ.

ಪ್ರಶಸ್ತಿಪತ್ರವನ್ನು ಅಪ್ಪ ಬಾಗಿಲಿಗೆ ಎದುರಾಗಿ ಮೊಳೆ ಹೊಡೆದು ನೇತುಹಾಕಿದ. ಪತ್ರಿಕೆಯಲ್ಲಿ ಖಾಲಿ ಚಮಚದ ಫೋಟೋ ಬಂತು. ಔಷಧಿ ಅಂಗಡಿಯವನು, "ಅಕ್ಕ, ನಿಮ್ಮಂಥೋರು ಲಕ್ಷಕ್ಕೊಬ್ರು" ಅಂದ. ಅಕ್ಕಪಕ್ಕದ ಮನೆಯ ಅತ್ತೆಯಂದಿರು ಸೊಸೆಯಂದಿರಿಗೆ ಆ ಫೋಟೋ ತೋರಿಸಿದರು. ಸೊಸೆಯಂದಿರು ಅಕ್ಕನ ಜೊತೆ ಮಾತು ಕಡಿಮೆ ಮಾಡಿದರು. ಪಿಟೀಲು ಕೇಳಿದ್ದ ಹಿರಿಯರ ಹಗಲು ಮನೆಯ ವಿಷಯ ಶಾಸನಸಭೆಯ ಸಮಿತಿಯ ಪರಿಶೀಲನೆಯಲ್ಲಿದೆ ಎಂದು ಪಿಟೀಲಿನ ಮೇಡಂ ಹೇಳಿದರು. ಆಮೇಲೆ ಅವರೂ ಹೇಳುವುದನ್ನು ಬಿಟ್ಟರು.

ಒಂದು ಭಾನುವಾರ ಅಪ್ಪ ಗಡ್ಡ ಹೆರೆದುಕೊಳ್ಳುವಾಗ ಅಕ್ಕ ಹೋಗಿ ನಿಂತಳು. "ಅಪ್ಪ, ಸಂಜೆ ಕಾಲೇಜು ಅಂತ ಇದೆ. ನಾನು ಸೇರ್ಕೋಬೇಕು ಅಂತಿದೀನಿ. ನೀನು ಬೆಳಗಿನ ಪಾಳಿ ತಗೊಂಡ್ರೆ..."

ಅಪ್ಪ ಕನ್ನಡಿಯಲ್ಲೇ ಅವಳನ್ನು ನೋಡಿದ. "ಈಗಾ? ಪೇಪರಲ್ಲೆಲ್ಲಾ ಬಂದ ಮೇಲಾ? ಹಾಡಿಹೊಗಳಿದ ಜನ ನಾಳೆ ಏನಂತಾರೆ? ಇಷ್ಟು ದಿನ ಮಾಡಿದ್ದಕ್ಕೆ ನೀನೇ ಮಸಿ ಬಳ್ಕೋತೀಯಾ?"

"ಎರಡು ತಿಂಗಳು ಅಂದಿದ್ದೆ ನೀನು."

"ನಾನೇನು ಬೇಕಂತ ಮಾಡಿದ್ನಾ?" ಎಂದ ಅಪ್ಪ. ಕೆನ್ನೆ ಕೊಯ್ದುಕೊಂಡು ರಕ್ತ ಬಂತು. ಅವನು ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಅಜ್ಜಿ ಕರೆದಳು, ಅಕ್ಕ ಹೋದಳು.

ಬೇಸಿಗೆಯ ಹೊತ್ತಿಗೆ ಪಿಟೀಲಿಗೆ ದೂರದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ವಿದ್ಯಾರ್ಥಿವೇತನದ ಸಮೇತ. ಶಾಸಕರ ಮುಂದೆ ಮಾತಾಡಿದ ಹುಡುಗಿ ಎಂದು ಸಂದರ್ಶನ ಮಾಡಿದವರೇ ಎತ್ತಿ ಹೇಳಿದ್ದರಂತೆ. ಅದನ್ನು ತಿಳಿಸುವಾಗ ಅವಳ ಮುಖದಲ್ಲಿ ಹಿಗ್ಗಿರಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ, "ನಾನು ಹೋಗಲ್ಲ" ಎಂದಳು. "ಇಲ್ಲೇ ಏನಾದ್ರೂ ಕೆಲಸ ನೋಡ್ಕೋತೀನಿ. ಅಕ್ಕ ಕಾಲೇಜಿಗೆ ಹೋಗಲಿ."

"ತಲೆ ಕೆಟ್ಟಿದೆಯಾ?" ಎಂದ ಅಪ್ಪ. ಅಮ್ಮ ಇಬ್ಬರೂ ಮಕ್ಕಳ ಮುಖ ನೋಡಿದಳು.

"ಹೋಗು," ಎಂದಳು ಅಕ್ಕ. "ನನಗೋಸ್ಕರ ನೀನು ಇಲ್ಲಿ ಉಳ್ಕೊಂಡ್ರೆ ಅಜ್ಜಿ ಜೊತೆ ನಿನ್ನ ತ್ಯಾಗಾನೂ ನಾನೇ ನೋಡ್ಕೋಬೇಕಾಗತ್ತೆ. ನನ್ನ ಕೈಲಾಗಲ್ಲ."

ಪಿಟೀಲು ಹೋದಳು. ಪೆಟ್ಟಿಗೆಗೆ ಬಟ್ಟೆ ಜೋಡಿಸಿದ್ದು, ದಾರಿಗೆ ಬ್ರೆಡ್ಡು ಮೊಟ್ಟೆ ಕಟ್ಟಿಕೊಟ್ಟಿದ್ದು ಅಕ್ಕನೇ. ಬಸ್ಸು ಹತ್ತಿಸಲು ಹೋದದ್ದು ಅಪ್ಪ, ಅಮ್ಮ. ಮೇಜು ಮತ್ತೆ ಊಟಕ್ಕೆ ಖಾಲಿಯಾಯಿತು. ಮನೆ ಎಷ್ಟು ಸದ್ದಿಲ್ಲದೆ ಬಿದ್ದುಕೊಂಡಿತೆಂದರೆ ಅಮ್ಮ ತಟ್ಟೆ ಇಡುವ ಸದ್ದಿಗೇ ಅಪ್ಪ ಬೆಚ್ಚುತ್ತಿದ್ದ.

ಅಜ್ಜಿ ಬಾಯಿ ಮುಚ್ಚಿದ್ದು ಅದೇ ವಾರ.

ಮಧ್ಯಾಹ್ನ ಅಕ್ಕ ಗಂಜಿಯ ಚಮಚ ಹಿಡಿದರೆ ಹಲ್ಲು ಬಿಗಿದುಕೊಂಡಳು. ಸಿಹಿ ಹಾಕಿದರೂ ಇಲ್ಲ, ಬೇಡಿಕೊಂಡರೂ ಇಲ್ಲ. ಸಂಜೆ ಅಮ್ಮ ಬಂದು ಪ್ರಯತ್ನಿಸಿದಳು, ಆಗಲಿಲ್ಲ. ಮಾರನೇ ದಿನ ಡಾಕ್ಟರು ಬಂದು ಟಾರ್ಚು ಬಿಟ್ಟು ನೋಡಿ, ಗಂಟಲಿಗೆ ಏನೂ ಆಗಿಲ್ಲ ಎಂದರು. ಅಪ್ಪ ಪಾಳಿ ಮುಗಿಸಿ ಬೆವರಿಳಿಸಿಕೊಂಡು ಬಂದವನು, "ಏನಮ್ಮಾ ಇದು ಹಟ, ಚಿಕ್ಕ ಮಗು ಹಾಗೆ?" ಎಂದು ಸಿಡುಕುತ್ತ ಚಮಚ ಕಿತ್ತುಕೊಂಡ. ಅಜ್ಜಿ ಬಾಯಿ ತೆರೆದಳು.

ಅಪ್ಪನಿಗೆ ತಿನ್ನಿಸಲು ಬರುತ್ತಿರಲಿಲ್ಲ. ಗಂಜಿ ಗದ್ದದ ಮೇಲೆ, ಕತ್ತಿನ ಮೇಲೆ ಸುರಿಯಿತು. ಆದರೂ ಅಜ್ಜಿ ಒಂದೊಂದೇ ಗುಟುಕು ನುಂಗಿದಳು.

ಅದರ ಮಾರನೇ ದಿನವೂ ಹಾಗೇ. ಮಗನ ಕೈಯಾದರೆ ಉಂಟು, ಇಲ್ಲವಾದರೆ ಇಲ್ಲ.

"ನಾನು ಬಸ್ಸು ಓಡಿಸ್ಲೋ, ಇವಳಿಗೆ ತಿನ್ನಿಸ್ತಾ ಕೂರ್ಲೋ?" ಎಂದು ಅಪ್ಪ ಕೂಗಾಡಿದ. "ನೀನೇನಾದ್ರೂ ಹೇಳಿಕೊಟ್ಯಾ?" ಎಂದು ಅಕ್ಕನ ಮೇಲೂ ಹರಿಹಾಯ್ದ.

"ಅವಳಿಗೆ ಹೇಳಿಕೊಡೋಕೆ ಯಾರಿಂದ ಆಗತ್ತೆ? ನಿಮ್ಮಮ್ಮ ಅಲ್ವಾ, ನಿಮಗೇ ಗೊತ್ತು," ಎಂದಳು ಅಮ್ಮ, ಸೊಂಟ ಹಿಡಿದುಕೊಂಡೇ.

ಯಾರೂ ಇಲ್ಲದ ಹೊತ್ತು ನೋಡಿ ಅಕ್ಕ ಮಂಚದ ಪಕ್ಕ ಮಂಡಿಯೂರಿದಳು. "ಅಜ್ಜಿ, ಹೀಗೆ ಮಾಡಿದ್ರೆ ಸಾಯ್ತೀಯ. ನನ್ನ ಮೇಲೆ ಸಿಟ್ಟಾ? ಆವತ್ತು ಸುಳ್ಳು ಹೇಳಿದ್ದಕ್ಕಾ?"

ಅಜ್ಜಿ ಎಡಗೈಯಿಂದ ಅವಳ ಕೆನ್ನೆ ಮುಟ್ಟಿದಳು. "ಕಾಲೇಜು," ಎಂದಳು.

ಅಪ್ಪ ಕೊನೆಗೆ ಬೆಳಗಿನ ಪಾಳಿ ಹಾಕಿಸಿಕೊಂಡ. ಕತ್ತಲಿದ್ದಾಗಲೇ ಹೋಗಿ ಮಧ್ಯಾಹ್ನ ಇಳಿಹೊತ್ತಿಗೆ ಬರುತ್ತಿದ್ದ. ಬಂದವನು ಕೈಕಾಲು ತೊಳೆದು, ತಾಯಿಗೆ ತಿನ್ನಿಸಿ, ಆಮೇಲೆ ತಾನು ತಿನ್ನುತ್ತ ಅಲ್ಲೇ ಕುರ್ಚಿಯಲ್ಲಿ ಕೂರುತ್ತಿದ್ದ. ಒಂದು ದಿನ, ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಮಗಳ ಕಡೆ ತಿರುಗದೆಯೇ ಹೇಳಿದ: "ನಾನು ಹೇಗೂ ಇಲ್ಲೇ ಸಾಯ್ತಿರ್ತೀನಲ್ಲ. ನೀನ್ಯಾಕೆ ಕಂಬದ ಹಾಗೆ ನಿಂತಿದೀಯ? ಹೋಗಬೇಕಾದ ಕಡೆ ಹೋಗು." ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅವನ ಬಾಯಲ್ಲಿ ಎಂದೂ ಬಂದದ್ದಿಲ್ಲ.

ಅಕ್ಕ ಸಂಜೆ ಕಾಲೇಜಿಗೆ ಸೇರಿದಳು. ತರಗತಿಯಲ್ಲಿ ಹಾಜರಿ ಕೂಗುವಾಗ ಮೊದಲ ದಿನ ಅವಳ ಹೆಸರನ್ನು ಎರಡು ಸಲ ಕರೆಯಬೇಕಾಯಿತು. ತನ್ನದೆಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಪಕ್ಕದ ಬೆಂಚಿನವರೆಲ್ಲ ಅವಳಿಗಿಂತ ಚಿಕ್ಕವರು. ಪಾಠ ಅರ್ಧ ತಲೆಗೆ ಹೋಗುತ್ತಿತ್ತು, ಅರ್ಧ ಮನೆಯ ಕಡೆ ಓಡುತ್ತಿತ್ತು. ಆದರೂ ಹೋದಳು.

ಅಜ್ಜಿ ಮಾತ್ರ ಹಟ ಬಿಡಲಿಲ್ಲ. ಮಗ ಮನೆಯಲ್ಲಿರುವ ಹೊತ್ತಿನ ಊಟವೊಂದೇ ಊಟ. ಬೆಳಿಗ್ಗೆ ಅಕ್ಕನ ಕೈಯಿಂದ ನೀರಿಗಷ್ಟೇ ಬಾಯಿ ತೆರೆಯುತ್ತಿದ್ದಳು. ಅಕ್ಕ ಓದು ಬಿಡುತ್ತೇನೆ ಎಂದು ಹೆದರಿಸಿದಳು. ಆ ದಿನ ನೀರಿಗೂ ಬಾಯಿ ತೆರೆಯಲಿಲ್ಲ. ಡಾಕ್ಟರು ಬಂದು ಹೋಗುವಾಗ ಅಪ್ಪನನ್ನು ಗೇಟಿನ ಹತ್ತಿರ ಕರೆದು ಮೆಲ್ಲಗೆ ಮಾತಾಡಿದರು. ಅಪ್ಪ ಆ ಸಂಜೆ ಚಮಚ ಹಿಡಿದು ಬಹಳ ಹೊತ್ತು ಕೂತ. "ಇನ್ನೊಂದು, ಅಮ್ಮಾ. ಇದೊಂದು," ಎಂದು ಗೋಗರೆಯುತ್ತಿದ್ದುದು ಹೊರಡುತ್ತಿದ್ದ ಅಕ್ಕನಿಗೆ ಬೀದಿಯವರೆಗೂ ಕೇಳಿಸಿತು. ಬೀದಿಯ ತಿರುವಿನಲ್ಲಿ ನಿಂತಳು. ಹಿಂದಕ್ಕೆ ತಿರುಗಿದಳು. ಮತ್ತೆ ಮುಂದಕ್ಕೆ ತಿರುಗಿ ನಡೆದಳು.

ಅವಳು ಬಂದಾಗ ಅಪ್ಪ ಕುರ್ಚಿಯಲ್ಲೇ ಕತ್ತು ವಾಲಿಸಿ ನಿದ್ದೆಹೋಗಿದ್ದ. ಅಮ್ಮ ಅಡುಗೆಮನೆಯಲ್ಲಿದ್ದಳು. ಅಜ್ಜಿ ಎಚ್ಚರವಾಗಿ ಬಾಗಿಲನ್ನೇ ನೋಡುತ್ತಿದ್ದಳು. ಹಾಸು ಬದಲಿಸಲು ಅಕ್ಕ ಅವಳ ಬೆನ್ನ ಕೆಳಗೆ ಕೈ ಹಾಕಿ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ತೋಳಿನಲ್ಲಿ ಭಾರವೇ ಇರಲಿಲ್ಲ. ಒಗೆದ ಬಟ್ಟೆಯ ಗಂಟು ಎತ್ತಿದ ಹಾಗಿತ್ತು.

"ಏನು?" ಎಂದಳು ಅಜ್ಜಿ. ಇವತ್ತು ಏನು ಪಾಠ ಆಯಿತು ಎಂದು.

ಅಕ್ಕ ಅವಳನ್ನು ಮೆಲ್ಲಗೆ ಒರಗಿಸಿದಳು. ದಿಂಬು ಸರಿಪಡಿಸಿದಳು. "ಭೂಮಿ ಸುಮ್ನೆ ಒಂದು ಕಡೆ ನಿಂತಿಲ್ವಂತೆ ಅಜ್ಜಿ. ಈ ದೊಡ್ಡ ದೊಡ್ಡ ಖಂಡಗಳೆಲ್ಲಾ ಸರೀತಾನೇ ಇರ್ತವಂತೆ. ನಮ್ಮ ಉಗುರು ಬೆಳೆಯತ್ತಲ್ಲ, ಹೆಚ್ಚುಕಮ್ಮಿ ಅಷ್ಟು ನಿಧಾನಕ್ಕೆ."

"ಸುಳ್ಳು," ಎಂದಳು ಅಜ್ಜಿ.

"ಪುಸ್ತಕದಲ್ಲಿದೆ."

ಅಜ್ಜಿಯ ಬಾಯಿಯ ಆಡುವ ಬದಿ ಒಂದಿಷ್ಟು ಓರೆಯಾಯಿತು. ನಗುವುದೆಂದರೆ ಅವಳಿಗೆ ಈಗ ಅಷ್ಟೇ. ಅಕ್ಕ ಒಳಗೆ ಹೋಗಿ ಬಿಸಿ ಗಂಜಿ ತಂದಳು. "ಎರಡೇ ಎರಡು ಚಮಚ, ನನ್ನ ಕೈಯಿಂದ. ಯಾರಿಗೂ ಹೇಳಲ್ಲ."

ಅಜ್ಜಿ ಬಾಯಿ ಮುಚ್ಚಿಕೊಂಡಳು. ಕಣ್ಣು ಮಾತ್ರ ಅವಳ ಮೇಲಿತ್ತು. "ನಾಳೆ?" ಎಂದಳು ಬಿಗಿದ ಹಲ್ಲಿನ ಸಂದಿಯಿಂದ.

"ಇದೆ. ನಾಳೆಯೂ ಕಾಲೇಜಿದೆ."

ಅಜ್ಜಿ ನಿರಾಳವಾಗಿ ಕಣ್ಣು ಮುಚ್ಚಿದಳು. ಬಟ್ಟಲಿನಲ್ಲಿ ಗಂಜಿ ಆರಿ, ಮೇಲೆ ಕೆನೆಗಟ್ಟುವವರೆಗೂ ಅಕ್ಕ ಅದನ್ನು ಹಿಡಿದುಕೊಂಡೇ ಕೂತಿದ್ದಳು.